ಕಲಾ ಇತಿಹಾಸವನ್ನೇ ಡಿಗ್ರಿಯಾಗಿ ಓದುವುದು: ಪ್ಲಸ್ ಟು ಆದ ಮೇಲೆ ಎಲ್ಲಿ, ಹೇಗೆ?

ಪೆರಡಾಲ (ಬದಿಯಡ್ಕ)

ತಂಗಿ ಪ್ಲಸ್ ಟು ಹ್ಯುಮಾನಿಟೀಸ್, ಕನ್ನಡ ಮೀಡಿಯಂ. ಬರುವ ಮಾರ್ಚಿಗೆ ಪರೀಕ್ಷೆ. ಕಲಾ ಇತಿಹಾಸವೇ ಓದ್ತೇನೆ ಅಂತ ಕೂತಿದ್ದಾಳೆ. ಇಲ್ಲಿ ಯಾರತ್ರ ಕೇಳಿದ್ರೂ "ಅದು ಡ್ರಾಯಿಂಗ್ ಕೋರ್ಸಲ್ವಾ?" ಅಂತಾರೆ. ಚಿತ್ರ ಬಿಡಿಸ್ಲಿಕ್ಕೆ ಅವಳಿಗೆ ಅಷ್ಟಕ್ಕಷ್ಟೆ. ನೋಡುವುದು, ಓದುವುದು ಇಷ್ಟ.

ಗೊತ್ತಿದ್ದವರು ಹೇಳಿ: ಚಿತ್ರ ಬಾರದವರಿಗೆ ಈ ಡಿಗ್ರಿ ಆಗ್ತದಾ? ಡಿಗ್ರಿಯಿಂದಲೇ ಇದನ್ನು ತಗೊಳ್ಳಬೇಕಾ, ಅಲ್ಲ ಬಿ.ಎ. ಮಾಡಿ ಎಂ.ಎ.ಗೆ ಹೋಗಬಹುದಾ? ಪರೀಕ್ಷೆಯಲ್ಲಿ ಎಂತದ್ದು ಕೇಳ್ತಾರೆ? ಕನ್ನಡ ಮೀಡಿಯಂ ಅಂತ ಹಿಂದೆ ಬೀಳ್ತಾಳಾ? ಕೆಲಸದ ವಿಷಯ ಮನೆಯಲ್ಲಿ ದಿನಾ ಚರ್ಚೆ ಆಗ್ತಾ ಉಂಟು, ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿ.

ಮುರಕಲ್ಲು (ಕಾಸರಗೋಡು)

ಇದೇ ವಿಷಯವನ್ನು ಚಿತ್ರಕಲಾ ಕಾಲೇಜಿನೊಳಗೂ ಕಲಿಸ್ತಾರೆ, ಇತಿಹಾಸ-ಪುರಾತತ್ವ ವಿಭಾಗದೊಳಗೂ ಕಲಿಸ್ತಾರೆ. ಹೆಸರು ಹತ್ತಿರ ಹತ್ತಿರ, ಒಳಗಿನ ಓದು ಬೇರೆ. ಅರ್ಜಿ ಹಾಕುವ ಮೊದಲು ಸಿಲೆಬಸ್ ಇಳಿಸಿಕೊಂಡು ನೋಡದಿದ್ರೆ ಎರಡನೇ ವರ್ಷದಲ್ಲಿ "ನಾನು ಕೇಳಿದ್ದು ಇದಲ್ಲ" ಅಂತ ಆಗ್ತದೆ.

ಚಿತ್ರಕಲಾ ಕಾಲೇಜಿನ ದಾರಿ ಅಂದ್ರೆ ದೃಶ್ಯಕಲೆ-ಲಲಿತಕಲೆಯ ಡಿಗ್ರಿ: ಬಿವಿಎ ಅಥವಾ ಬಿಎಫ್‌ಎ, ನಾಲ್ಕು ವರ್ಷ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಫೈನ್ ಆರ್ಟ್ಸ್ ಫ್ಯಾಕಲ್ಟಿಯಲ್ಲಿ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಕ್ಕೇ ಒಂದು ವಿಭಾಗ ಉಂಟು. ಶಾಂತಿನಿಕೇತನದಲ್ಲಿ 1919ರಲ್ಲಿ ಶುರುವಾದ ಕಲಾಭವನದಲ್ಲಿಯೂ ಉಂಟು. ನಮಗೆ ಹತ್ತಿರದ್ದು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು. ಕರಾವಳಿಯಲ್ಲಿ ಬಿವಿಎ ಸಿಕ್ಕಿದ್ರೂ ಸಾಮಾನ್ಯವಾಗಿ ಪೇಂಟಿಂಗ್, ಅಪ್ಲೈಡ್ ಆರ್ಟ್ ಮುಖ್ಯ. ಕಲಾ ಇತಿಹಾಸ ಅಲ್ಲಿ ಒಂದು ಥಿಯರಿ ಪೇಪರು ಮಾತ್ರ. ಬಿವಿಎ ಅಂತ ಬೋರ್ಡು ಕಂಡ ಕೂಡಲೇ ಸೇರಿಸಬೇಡಿ.

ಈ ದಾರಿಯಲ್ಲಿ ಮೊದಲ ವರ್ಷ ಫೌಂಡೇಶನ್. ರೇಖೆ, ಬಣ್ಣ, ಜೇಡಿಮಣ್ಣು, ಪ್ರಿಂಟ್, ಎಲ್ಲದರಲ್ಲೂ ಕೈಯಾಡಿಸಬೇಕು. ಚಂದ ಬಿಡಿಸಬೇಕು ಅಂತಲ್ಲ. ಮರದ ಅಚ್ಚಿನಲ್ಲಿ ಚಿತ್ರ ಎಡಬಲ ತಿರುಗಿ ಬರುವುದು ಯಾಕೆ, ತೈಲವರ್ಣದಲ್ಲಿ ತಿದ್ದಬಹುದಾದದ್ದು ಜಲವರ್ಣದಲ್ಲಿ ಯಾಕೆ ಆಗುವುದಿಲ್ಲ, ಇದೆಲ್ಲ ಕೈಗೆ ಹತ್ತಿದವರು ಮುಂದೆ ಒಂದು ಕೃತಿ ನೋಡಿದಾಗ ಸುಮ್ಮನೆ ಊಹೆ ಹೊಡೆಯುವುದಿಲ್ಲ. ಪ್ರವೇಶಕ್ಕೆ ಸಾಧಾರಣ ಡ್ರಾಯಿಂಗ್ ಪರೀಕ್ಷೆ, ಲಿಖಿತ ಪರೀಕ್ಷೆ, ಇಂಟರ್‌ವ್ಯೂ ಇರ್ತದೆ. ಯಾವುದಕ್ಕೆ ಎಷ್ಟು ಅಂಕ ಅಂತ ಆ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲೇ ನೋಡಬೇಕು. ತಂಗಿಯ ಮಟ್ಟಕ್ಕೆ ಇಷ್ಟು ಸಾಕು: ಒಂದು ಕೊಡಪಾನ, ಒಂದು ಕುರ್ಚಿ, ಒಂದು ಕೈ ಎದುರಿಗಿಟ್ಟು ಅಳತೆ ತಪ್ಪದೆ ಬಿಡಿಸ್ಲಿಕ್ಕೆ ಬರಬೇಕು. ದಿನಕ್ಕೆ ಅರ್ಧ ಗಂಟೆ ಕೂತರೆ ಆರು ತಿಂಗಳಲ್ಲಿ ಅಷ್ಟು ಆಗ್ತದೆ.

ಎರಡನೇ ದಾರಿ, ಯಾವುದಾದರೊಂದು ಬಿ.ಎ., ಆಮೇಲೆ ಎರಡು ವರ್ಷದ ಎಂ.ಎ. ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ, ದಿಲ್ಲಿಯ ಜೆಎನ್‌ಯುವಿನ ಸ್ಕೂಲ್ ಆಫ್ ಆರ್ಟ್ಸ್ ಆ್ಯಂಡ್ ಈಸ್ಥೆಟಿಕ್ಸ್, ಮೊದಲು ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಆಗಿದ್ದು ಈಗ ನೊಯಿಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿರುವ ಸಂಸ್ಥೆ, ಇವೆಲ್ಲ ಈ ಸಾಲಿನವು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಎಂಎಫ್‌ಎ ಅಂತ ಹೆಸರು. ಬನಾರಸ್ಸಿನಲ್ಲಿ ಬಿ.ಎ. ಹಂತದಲ್ಲೇ ಈ ವಿಷಯ ಉಂಟು. ಜೆಎನ್‌ಯುವಿನಲ್ಲಿ ಚಿತ್ರ-ಶಿಲ್ಪದ ಜೊತೆ ರಂಗಭೂಮಿ, ಸಿನಿಮಾ ಅಧ್ಯಯನವನ್ನೂ ಓದಿಸ್ತಾರೆ. ಯಕ್ಷಗಾನ, ಭೂತಕೋಲದ ಮೇಲೆ ಮುಂದೆ ಕೆಲಸ ಮಾಡುವ ಆಸೆ ಇದ್ರೆ ಅದು ಚೆನ್ನಾಗಿ ಹೊಂದ್ತದೆ.

ಮೂರನೆಯದ್ದು ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ಮೈಸೂರು ವಿಶ್ವವಿದ್ಯಾಲಯದಲ್ಲಿ ಇದ್ದ ಹಾಗೆ. ದೇವಸ್ಥಾನ ವಾಸ್ತು, ಮೂರ್ತಿಶಿಲ್ಪ, ಶಾಸನ, ನಾಣ್ಯ ಗಟ್ಟಿಯಾಗಿ ಸಿಗ್ತದೆ. ಆದರೆ ರವಿವರ್ಮನ ನಂತರದ್ದು, ಯುರೋಪಿನದ್ದು, ಸಮಕಾಲೀನ ಕಲೆ, ಇವಕ್ಕೆ ಅಲ್ಲಿ ಜಾಗ ಕಡಿಮೆ.

ಪರೀಕ್ಷೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಯಾಕಂದ್ರೆ ನಮ್ಮ ಕಡೆಯ ಮಕ್ಕಳು ಎಡವುವುದು ಅಲ್ಲೇ. ಪ್ರಬಂಧದ ಪೇಪರು ಎಲ್ಲ ಕಡೆ ಇದ್ದದ್ದೇ. ಅದರ ಜೊತೆ ಸ್ಲೈಡ್ ಟೆಸ್ಟ್ ಅಂತ ಒಂದು. ಪರದೆಯ ಮೇಲೆ ಒಂದು ಚಿತ್ರ ಬರ್ತದೆ, ಇಲ್ಲವೇ ಅಕ್ಕಪಕ್ಕ ಎರಡು. ಕೆಲವೇ ನಿಮಿಷ ಸಮಯ. ಎಲ್ಲಿಯದ್ದು, ಯಾವ ಕಾಲದ್ದು, ಎಂತದ್ದರಲ್ಲಿ ಮಾಡಿದ್ದು ಅಂತ ಗುರುತಿಸಿ, ಯಾಕೆ ಹಾಗೆ ಹೇಳಿದಿರಿ ಅಂತ ಬರೀಬೇಕು. ಯಾರೂ ನೋಡಿರದ ಕೃತಿಯನ್ನು ಬೇಕಂತಲೇ ಹಾಕುವುದೂ ಉಂಟು. ಅಲ್ಲಿ ಹೆಸರು ತಪ್ಪಿದ್ರೂ ಕಾರಣ ಸರಿ ಇದ್ರೆ ಅಂಕ ಬರ್ತದೆ. ಹೆಸರು ಸರಿ ಇದ್ದು ಕಾರಣ ಬರೀದಿದ್ರೆ ಅರ್ಧವೂ ಬರುವುದಿಲ್ಲ.

ಬಾದಾಮಿಯ ಒಂದನೇ ಗುಹೆಯ ಮಹಿಷಮರ್ದಿನಿ ಮತ್ತು ಮಹಾಬಲಿಪುರದ ಮಹಿಷಮರ್ದಿನಿ ಗುಹೆಯ ದೊಡ್ಡ ಉಬ್ಬುಶಿಲ್ಪ ಅಕ್ಕಪಕ್ಕ ಬಂತು ಅಂತ ಇಟ್ಕೊಳ್ಳಿ. ಯಕ್ಷಗಾನ ಆಟ ನೋಡಿ ಬೆಳೆದ ನಮ್ಮೂರಿನವರಿಗೆ ಮಹಿಷಾಸುರನ ಕತೆ ಬಾಯಿಗೇ ಬರ್ತದೆ, ಒಂದೂವರೆ ಪುಟ ಕತೆ ಬರೆದು ಬರ್ತಾರೆ. ಕತೆಗೆ ಅಂಕ ಇಲ್ಲ. ಬರೀಬೇಕಾದದ್ದು ಹೀಗೆ: ಬಾದಾಮಿಯದ್ದು ಮರಳುಗಲ್ಲು, ದೇವಿ ನಿಂತಿದ್ದಾಳೆ, ಅಸುರ ಪೂರ್ತಿ ಕೋಣನ ರೂಪದಲ್ಲೇ ಇದ್ದಾನೆ, ಬಾಲ ಹಿಡಿದೆತ್ತಿ ತಲೆಯನ್ನು ಕಾಲಿನಿಂದ ಮೆಟ್ಟಿ ತ್ರಿಶೂಲ ಇಳಿಸಿದ್ದಾಳೆ, ಅಂದ್ರೆ ಯುದ್ಧ ಮುಗಿದ ಕ್ಷಣ, ಬಲ ಎಲ್ಲ ಮೇಲಿಂದ ಕೆಳಕ್ಕೆ. ಮಹಾಬಲಿಪುರದ್ದು ಗ್ರಾನೈಟ್, ದೇವಿ ಸಿಂಹದ ಮೇಲೆ ಕೂತು ಬಿಲ್ಲು ಎಳೆದು ಮುನ್ನುಗ್ತಾ ಇದ್ದಾಳೆ, ಮಹಿಷನಿಗೆ ಮನುಷ್ಯನ ಮೈ ಕೋಣನ ತಲೆ, ಗದೆ ಹಿಡಿದು ಹಿಂದಕ್ಕೆ ವಾಲಿದ್ದಾನೆ, ಸುತ್ತ ಗಣಗಳು. ಇಲ್ಲಿ ಯುದ್ಧ ಇನ್ನೂ ನಡೀತಾ ಉಂಟು, ಚಲನೆ ಅಡ್ಡಕ್ಕೆ ಹರಿತದೆ. ಇಷ್ಟು ಬರೆದ ಮೇಲೆ ಚಾಲುಕ್ಯ, ಪಲ್ಲವ ಅಂದ್ರೆ ಆ ಹೆಸರಿಗೆ ಬೆಲೆ. ಕತೆ ಗೊತ್ತಿರುವುದು ದಂಡ ಅಲ್ಲ. ಆಂಧ್ರದ ಲೇಪಾಕ್ಷಿ ದೇವಸ್ಥಾನದ ಮಾಡಿನಲ್ಲಿ (ಒಳಚಾವಣಿಯ ಚಿತ್ರದಲ್ಲಿ) ಕಿರಾತಾರ್ಜುನ ಕಂಡ್ರೆ ಬೇರೆಯವರು ಪುಸ್ತಕ ತಿರುವುವಷ್ಟರಲ್ಲಿ ನಮ್ಮವರು ಪ್ರಸಂಗದ ಹೆಸರು ಹೇಳ್ತಾರೆ. ಅದು ಎರಡನೇ ಹೆಜ್ಜೆ, ಮೊದಲನೆಯದ್ದಲ್ಲ ಅಷ್ಟೆ. ಈ ಮೆಟ್ಟಿಲುಗಳನ್ನು ಎರ್ವಿನ್ ಪನೋಫ್ಸ್ಕಿ ಅನ್ನುವವರು 1939ರಲ್ಲೇ ಬಿಡಿಸಿ ಇಟ್ಟಿದ್ದಾರೆ: ಮೊದಲು ಕಣ್ಣಿಗೆ ಕಂಡದ್ದು, ಆಮೇಲೆ ಅದು ಯಾರು-ಯಾವ ಸಂದರ್ಭ ಅನ್ನುವುದು, ಕೊನೆಗೆ ಆ ಕಾಲದಲ್ಲಿ ಅದನ್ನು ಹಾಗೆಯೇ ಯಾಕೆ ಮಾಡಿದರು ಅನ್ನುವುದು. ಥಿಯರಿ ಪೇಪರಿನಲ್ಲಿ ಇದು ಬಂದೇ ಬರ್ತದೆ.

ಅಕ್ಕಲಕೋಟ ಕಡೆಯವ

ಮುರಕಲ್ಲು ಅವ್ರು ಹೇಳಿದ್ದು ಖರೇ ಅದ. ನಾ ಒಂದು ಮಾತು ಜೋರ ಮಾಡಿ ಹೇಳ್ತೀನಿ: ಚಿತ್ರ ಬರಂಗಿಲ್ಲ, ಮನ್ಯಾಗ ಒಪ್ಪಿಗಿನೂ ಪೂರಾ ಇಲ್ಲ ಅಂದ್ರ ನಾಕು ವರ್ಷ ಬಿವಿಎ ಅನ್ನೋದು ದೊಡ್ಡ ಜೂಜು ಆಗ್ತದ. ಇತಿಹಾಸದಾಗ ಬಿ.ಎ. ಮಾಡ್ಲಿ. ನಿಮ್ಮ ಕಣ್ಣೂರು ವಿಶ್ವವಿದ್ಯಾಲಯದಾಗ 2024ರಿಂದ ನಾಕು ವರ್ಷದ ಪದವಿ ಬಂದದ, ಆದ್ರ ಮೂರು ವರ್ಷಕ್ಕ ಡಿಗ್ರಿ ತಗೊಂಡು ಹೊರಗ ಬರ್ಲಿಕ್ಕೆ ಬರ್ತದ. ಎರಡು ವರ್ಷದ ಎಂ.ಎ.ಕ್ಕ ಅಷ್ಟು ಸಾಕು. ಮೇಜರ್ ಇತಿಹಾಸ ಇಟ್ಟು ಮೈನರ್‌ನಾಗ ಇಂಗ್ಲಿಷ್ ಇಲ್ಲಾ ಕನ್ನಡ ಹಿಡೀಲಿ.

ಇಂಗ್ಲಿಷ್ ಅಂತ ಯಾಕ ಅಂದೆ? ಕನ್ನಡ ಮೀಡಿಯಂನವ್ರಿಗೆ ತೊಡಕು ಎಲ್ಲಿ ಅದ ಅಂತ ಸರಿಯಾಗಿ ತಿಳ್ಕೋಬೇಕು. ಡಿಗ್ರಿ ಹಂತದ ಸಿಯುಇಟಿ, ಅಂದ್ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷಾ, 13 ಭಾಷಾದಾಗ ನಡೀತದ, ಅದ್ರಾಗ ಕನ್ನಡನೂ ಅದ, ಮಲಯಾಳನೂ ಅದ. ಒಂದೊಂದು ಪೇಪರಿಗೆ 50 ಪ್ರಶ್ನಿ, 60 ನಿಮಿಷ. ಸರಿ ಉತ್ತರಕ್ಕ 5, ತಪ್ಪಿಗೆ ಒಂದು ಅಂಕ ಕಡಿತ. ಅಲ್ಲಿ ಭಾಷಾದ ತ್ರಾಸ ಇಲ್ಲ. ಪಿ.ಜಿ. ಸಿಯುಇಟಿಗೆ ಹೋದ್ರ ಇಂಗ್ಲಿಷ್ ಇಲ್ಲಾ ಹಿಂದಿ. ಕಾಲೇಜಿನಾಗ ಕಲಿಸ್ಲಿಕ್ಕೆ ಬರಿಯೋ ಯುಜಿಸಿ ನೆಟ್‌ನಾಗೂ ಹಂಗೇ. ಎಂ.ಎ. ಒಳಗ ಹೋದ ಮ್ಯಾಲೆ ವಾರಕ್ಕ ಮೂವತ್ತು-ನಲವತ್ತು ಪುಟ ಇಂಗ್ಲಿಷ್ ಲೇಖನ ಓದಿ ಕ್ಲಾಸಿನಾಗ ಮಾತಾಡಬೇಕಾಗ್ತದ. ತಯಾರಿ ಬೇಕಾದದ್ದು ಇದಕ್ಕ. ಬಿ.ಎ. ಮೂರು ವರ್ಷದಾಗ ದಿನಾ ನಾಕು ಪುಟ ಓದೋದು, ಓದಿದ್ದನ್ನ ಐದು ಸಾಲಿನಾಗ ಇಂಗ್ಲಿಷ್‌ನಾಗ ಬರಿಯೋದು, ಅಷ್ಟೇ ರೂಢಿ ಮಾಡ್ಲಿ. ಎನ್‌ಸಿಇಆರ್‌ಟಿ 11ನೇ, 12ನೇ ಈಯತ್ತೆಯ ಲಲಿತಕಲಾ ಪುಸ್ತಕ ಪುಕ್ಕಟ ಸಿಗ್ತಾವ, ಅಲ್ಲಿಂದ ಶುರು ಮಾಡಬೇಕು. ಹನ್ನೊಂದನೇದು ಗುಹಾಚಿತ್ರದಿಂದ ಹಿಡ್ದು ಇಂಡೋ-ಇಸ್ಲಾಮಿಕ್ ಕಟ್ಟಡದ ತನಕ ಬರ್ತದ. ಹನ್ನೆರಡನೇದ್ರಾಗ ರಾಜಸ್ಥಾನಿ, ಮೊಘಲ್, ದಖ್ಖನಿ, ಪಹಾಡಿ ಕಿರುಚಿತ್ರ, ಬಂಗಾಳ ಸ್ಕೂಲು, ಆಧುನಿಕ. ಸಿಯುಇಟಿಯ ಫೈನ್ ಆರ್ಟ್ಸ್ ಪೇಪರಿಗೂ ಅದೇ ಬುಡ.

ಈಗ ಉಲ್ಟಾ ಮಾತು. ಕನ್ನಡ ಗಟ್ಟಿ ಇದ್ದವ್ರಿಗೆ ಈ ವಿಷಯದಾಗ ಒಂದು ಕಿಮ್ಮತ್ತು ಅದ, ಅದನ್ನ ಯಾರೂ ಹೇಳಂಗಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಬೇಲೂರು ಇವುಗಳ ಮ್ಯಾಲೆ ದಿಲ್ಲಿ, ಬರೋಡಾದಾಗ ಕುಂತು ಬರಿಯೋರಿಗೆ ಶಾಸನದ ಮೂಲ ಓದ್ಲಿಕ್ಕೆ ಬರದಿದ್ರ ಅನುವಾದದ ಮ್ಯಾಲೇ ನಡಿಬೇಕು. ಬೇಲೂರಿನ ಮದನಿಕಾ ಶಿಲ್ಪದ ಕೆಳಗ ಬಳ್ಳಿಗಾವೆಯ ದಾಸೋಜ ಅಂತ, ಸೋಮನಾಥಪುರದಾಗ ಮಲ್ಲಿತಮ್ಮ ಅಂತ ಶಿಲ್ಪಿಗಳು ಹೆಸರು ಕೆತ್ತ್ಯಾರ. ನಮ್ಮ ದೇಶದ ಹಳೇ ಶಿಲ್ಪದಾಗ ಮಾಡಿದವ್ರ ಹೆಸರು ಸಿಗೋದೇ ಅಪರೂಪ, ಇಲ್ಲಿ ಸಿಕ್ಕದ್ದು ಕನ್ನಡ ಲಿಪಿಯಾಗ ಅದ. ಬಿ.ಎ. ಓದ್ತಿರುವಾಗಲೇ ಹಳಗನ್ನಡ ಲಿಪಿ ಕಲಿತ್ರ ಎಂ.ಎ. ಪ್ರಬಂಧಕ್ಕ ವಿಷಯ ಹುಡುಕೋದೇ ಬ್ಯಾಡ. ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಾಗೇ ಅದ.

ಮ್ಯೂಸಿಯಮ್ಮು, ಪುರಾತತ್ವ ಬಿಟ್ರ ಗ್ಯಾಲರಿ, ಹರಾಜು ಸಂಸ್ಥೆಗಳ ಕ್ಯಾಟಲಾಗ್ ಕೆಲಸ, ಆರ್ಕೈವ್, ಪ್ರಕಾಶನ ಇವು ಅದಾವ. ಹೆಚ್ಚಿನವು ದಿಲ್ಲಿ, ಮುಂಬೈ, ಬೆಂಗಳೂರು, ಕೊಚ್ಚಿ. ಊರಾಗ ಕುಂತು ಆಗೋ ಕೆಲಸ ಅಲ್ಲ, ಮೊದಲ ಪಗಾರನೂ ಕಮ್ಮಿ. ಕಾಲೇಜಿನಾಗ ಕಲಿಸಬೇಕಂದ್ರ ನೆಟ್. ದೃಶ್ಯಕಲಾ ಅಂತ ವಿಷಯ, ಕೋಡ್ 79. ಪೇಪರ್ ಒಂದು 50 ಪ್ರಶ್ನಿ 100 ಅಂಕ, ಪೇಪರ್ ಎರಡು 100 ಪ್ರಶ್ನಿ 200 ಅಂಕ, ಎರಡೂ ಕೂಡಿ ಮೂರು ತಾಸು, ತಪ್ಪಿಗೆ ಅಂಕ ಕಡಿಯಂಗಿಲ್ಲ. ಅದ್ರಾಗ ಕಲಾ ಇತಿಹಾಸ ಒಂದು ಐಚ್ಛಿಕ ಭಾಗ. ಎಂ.ಎ. ಸೇರೋ ಮುಂಚೆ ಒಂದು ತಪಾಸಣೆ ಮಾಡ್ರಿ: ಪದವಿ ಪತ್ರದ ಮ್ಯಾಲೆ ಏನಂತ ಬರೀತಾರ? "ಕಲಾ ಇತಿಹಾಸ" ಅಂತನೋ, "ಪ್ರಾಚೀನ ಇತಿಹಾಸ" ಅಂತನೋ? ನೇಮಕಾತಿ ಜಾಹೀರಾತಿನಾಗ ವಿಷಯದ ಹೆಸರು ಅಕ್ಷರ ಅಕ್ಷರ ನೋಡ್ತಾರ. ಓದಿದ್ದು ಒಂದೇ ಇದ್ರೂ ಹೆಸರು ಬ್ಯಾರೆ ಅಂತ ಅರ್ಜಿ ಹೊರಗ ಬೀಳ್ತದ. ಶಾಲೆಯ ಡ್ರಾಯಿಂಗ್ ಮಾಸ್ತರಿಕಿಗೆ ಇದು ನಡಿಯಂಗಿಲ್ಲ, ಅಲ್ಲಿ ಕೈಕೆಲಸದ ಡಿಪ್ಲೊಮಾ, ಡಿಗ್ರಿ ಕೇಳ್ತಾರ. ಇದನ್ನ ಮನಿಯವ್ರಿಗೆ ಈಗಲೇ ಹೇಳಿಬಿಡ್ರಿ.

ಹಾಳಾದ ಚಿತ್ರ, ಮೂರ್ತಿ ರಿಪೇರಿ ಮಾಡೋ ಸಂರಕ್ಷಣಾ ಕೆಲಸಕ್ಕ ಬೇಡಿಕಿ ಚಲೋ ಅದ, ಆದ್ರ ಅದಕ್ಕ ರಸಾಯನಶಾಸ್ತ್ರ ಬೇಕು. ಹ್ಯುಮಾನಿಟೀಸ್ ಹುಡುಗಿಗೆ ಆ ಬಾಗಿಲು ಬಿಗಿ.

ಗಡಿನಾಡ ಮೀಸಲಾತಿ ಬಗ್ಗೆನೂ ಒಂದು ಮಾತು, ಯಾರಾದ್ರೂ ಕೇಳೇ ಕೇಳ್ತಾರ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚೋ ಸೀಟಿನಾಗ ನಮ್ಮ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ನಿಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡ, ತುಳು, ಕೊಡವ ಮಾತೃಭಾಷಿಕರಿಗೆ ಅವಕಾಶ ಅದ. ಆದ್ರ ಅದು ಎಂಜಿನಿಯರಿಂಗ್‌ನಂಥ ಕೋರ್ಸಿಗೆ. ಬಿವಿಎ ಸೀಟು ಕಾಲೇಜು, ವಿಶ್ವವಿದ್ಯಾಲಯದ ಮಟ್ಟದಾಗ ತುಂಬ್ತಾರ. ಅಲ್ಲಿ ಆ ನಿಯಮ ತಾನಾಗೇ ಬರ್ತದ ಅಂತ ನೆಚ್ಚಿಕೊಂಡು ಕುಂದರಬ್ಯಾಡ್ರಿ. ಫೋನ್ ಮಾಡಿ ಕೇಳ್ರಿ.

ಹಿಂದೂಪುರ ಲೈನ್

ಕೋರ್ಸಿನ ವಿಚಾರ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಈ ಆರೇಳು ತಿಂಗಳಲ್ಲಿ ಕೈಗೆ ಏನು ಕೆಲಸ ಕೊಡಬೇಕು ಅನ್ನೋದನ್ನ ನಾನು ಹೇಳ್ತೀನಿ.

ಇಂಟರ್‌ವ್ಯೂಗೆ ಹೋಗೋವಾಗ ಐದಾರು ವಸ್ತುಗಳ ಮೇಲೆ, ಒಂದೊಂದಕ್ಕೆ ಸುಮಾರು 300 ಪದದ ವಿವರಣೆ ಬರೆದಿಟ್ಟುಕೊಂಡಿರಲಿ. ತಾಜ್ ಮಹಲ್, ಅಜಂತಾ ಬೇಡ. ಅವಳು ಎದುರಿಗೆ ನಿಂತು ನೋಡಿರೋದೇ ಆಗಬೇಕು. ಫೋಟೋ ನೋಡಿ ಬರೆದಿದ್ದು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೆ: "ಎತ್ತರ ಎಷ್ಟಿದೆ?" "ಹಿಂಭಾಗ ಹೇಗಿದೆ?" ನಮ್ಮ ಲೇಪಾಕ್ಷಿ ಬಸವಣ್ಣನನ್ನ ಫೋಟೋದಲ್ಲಿ ನೋಡಿದವರು ಸಾಮಾನ್ಯ ಗಾತ್ರದ್ದು ಅಂದ್ಕೊಂಡಿರ್ತಾರೆ, ಅದು ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ, ಒಂದೇ ಬಂಡೆ.

ಬರೆಯೋ ಕ್ರಮ ಇದು. ಯಾವ ವಸ್ತು, ಎಷ್ಟು ಅಳತೆ (ಎತ್ತರ ಮೊದಲು, ಅಗಲ ಆಮೇಲೆ, ಇದು ಎಲ್ಲ ಮ್ಯೂಸಿಯಂಗಳ ರೂಢಿ), ಹೇಗೆ ಮಾಡಿದ್ದು, ಆಕೃತಿ ಏನು ಮಾಡ್ತಾ ಇದೆ, ಎಲ್ಲಿ ಒಡೆದಿದೆ, ಎಲ್ಲಿ ಬಣ್ಣ ಬಳಿದಿದ್ದಾರೆ. ಇದಿಷ್ಟು ಆದಮೇಲೇ ಅದು ಯಾರ ಮೂರ್ತಿ, ಯಾವ ಕಾಲ ಅನ್ನೋದು. ಮೊದಲ ಸಾಲಲ್ಲೇ ದೇವರ ಹೆಸರು ಬರೆದುಬಿಟ್ಟರೆ ಕಣ್ಣು ಅಲ್ಲಿಗೇ ಕೆಲಸ ನಿಲ್ಲಿಸುತ್ತೆ.

ಚೀಲದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್, 30 ಸೆಂ.ಮೀ. ಸ್ಕೇಲ್, ಟೇಪು, ಸಣ್ಣ ಟಾರ್ಚು. ಉಬ್ಬುಕೆತ್ತನೆ ನೋಡೋಕೆ ಬೆಳಿಗ್ಗೆ ಎಂಟರ ಒಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ ಹೋಗಿ. ಮಧ್ಯಾಹ್ನದ ಬಿಸಿಲು ನೆತ್ತಿ ಮೇಲಿಂದ ಬಿದ್ದು ಎಲ್ಲ ಚಪ್ಪಟೆಯಾಗಿ ಕಾಣುತ್ತೆ; ಓರೆ ಬೆಳಕಲ್ಲಿ ಉಳಿಯ ಗೆರೆ ಕೂಡ ಎದ್ದು ಬರುತ್ತೆ. ಒಳಗಡೆ ಕತ್ತಲಿದ್ದರೆ ಟಾರ್ಚನ್ನ ಪಕ್ಕದಿಂದ ಹಿಡೀಬೇಕು, ನೇರವಾಗಲ್ಲ. ಅಕ್ಷರ ಕಾಣಲಿ ಅಂತ ಶಾಸನದ ಮೇಲೆ ಸೀಮೆಸುಣ್ಣ, ಎಣ್ಣೆ, ನೀರು ಹಚ್ಚೋರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಕಲ್ಲಿನ ಸಂದಿಗಿಳಿದು ಧೂಳು ಹಿಡಿದು ಕಪ್ಪಾದರೆ ಮತ್ತೆ ತೆಗೆಯೋದು ಬಲು ಕಷ್ಟ. ಚಿತ್ರ ಇರೋ ಗೋಡೆಗೆ ಫ್ಲಾಶ್ ಹಾಕಬೇಡಿ, ಕೈ ಮುಟ್ಟಿಸಬೇಡಿ.

ಚಿತ್ರದ ವಿಷಯಕ್ಕೆ ಬಂದರೆ, ಇಂಟರ್‌ವ್ಯೂನಲ್ಲಿ ತುಂಬ ಜನ ಜಾರೋದು ಒಂದು ಪದದ ಮೇಲೆ. ಗೋಡೆ ಮೇಲಿದ್ದದ್ದೆಲ್ಲ "ಫ್ರೆಸ್ಕೊ" ಅಂದುಬಿಡ್ತಾರೆ. ಸುಣ್ಣದ ಗಾರೆ ಹಸಿ ಇರೋವಾಗಲೇ ಬಣ್ಣ ಹಚ್ಚಿದರೆ, ಗಾರೆ ಒಣಗೋ ಹೊತ್ತಿಗೆ ಬಣ್ಣ ಅದರೊಳಗೇ ಕಟ್ಟಿಕೊಳ್ಳುತ್ತೆ, ಅದು ಫ್ರೆಸ್ಕೊ. ಅಜಂತಾದಲ್ಲಿ ಹಾಗಲ್ಲ. ಮಣ್ಣಿಗೆ ನಾರು, ಹೊಟ್ಟು ಕಲಸಿ ಮೆತ್ತಿ, ಮೇಲೆ ತೆಳ್ಳಗೆ ಬಿಳಿ ಬಳಿದು, ಒಣಗಿದ ಮೇಲೆ ಅಂಟು ಸೇರಿಸಿದ ಬಣ್ಣ ಹಚ್ಚಿದ್ದಾರೆ. ಅದಕ್ಕೇ ಅಲ್ಲಿ ಬಣ್ಣ ಪುಡಿ ಉದುರೋದು, ಪದರ ಪದರವಾಗಿ ಕಳಚೋದು. ಹಾನಿ ಹೇಗಾಗಿದೆ ಅನ್ನೋದನ್ನ ನೋಡಿದರೆ ಮಾಡಿದ ವಿಧಾನದ ಸುಳಿವು ಸಿಗುತ್ತೆ. ಲೇಪಾಕ್ಷಿ ವೀರಭದ್ರ ದೇವಸ್ಥಾನದ ಮಾಡಿನ ಚಿತ್ರಗಳು ವಿಜಯನಗರದವು, ಅಚ್ಯುತರಾಯನ ಕಾಲ, ಅಂದರೆ 1529ರಿಂದ 1542ರ ಒಳಗಿನ ಆಳ್ವಿಕೆ. ಅಲ್ಲಿ ಮುಖಕ್ಕಿಂತ ಮೊದಲು ಸೀರೆ ನೋಡೋಕೆ ಹೇಳಿ. ಅಂಚು, ಚೌಕುಳಿ, ಪಂಚೆ ಉಟ್ಟಿರೋ ಬಗೆ, ಉದ್ದ ಟೋಪಿ. ಹದಿನಾರನೇ ಶತಮಾನದಲ್ಲಿ ಈ ಸೀಮೆಯವರು ಏನು ಉಡ್ತಿದ್ದರು ಅನ್ನೋಕೆ ಅದಕ್ಕಿಂತ ಒಳ್ಳೆ ದಾಖಲೆ ಹುಡುಕೋದು ಕಷ್ಟ.

ಆಧುನಿಕದ ಕಡೆ ಕೇಳಿದರೆ ಖಾಲಿ ಕೈಲಿ ಹೋಗಬಾರದು. ನಿಮ್ಮ ಕಡೆಗೆ ಹತ್ತಿರದವರನ್ನೇ ಹಿಡೀರಿ: ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರ್, ಕಣ್ಣೂರು ಜಿಲ್ಲೆಯ ಕೂತುಪರಂಬದಲ್ಲಿ 1924ರಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತು ಬರೋಡಾದಲ್ಲೂ ಶಾಂತಿನಿಕೇತನದಲ್ಲೂ ಪಾಠ ಮಾಡಿದ ಕೆ.ಜಿ. ಸುಬ್ರಮಣ್ಯನ್. ಇಬ್ಬರ ಎರಡೆರಡು ಕೃತಿಗಳ ಬಗ್ಗೆ ನಾಲ್ಕು ಮಾತು ಬರಬೇಕು.

ಪೆರಡಾಲ

ಎಲ್ಲರಿಗೂ ಧನ್ಯವಾದ. ನಿನ್ನೆ ಮಧೂರಿಗೆ ಹೋಗಿ ಬಂದು ಬರೆದದ್ದನ್ನು ಅವಳ ಒಪ್ಪಿಗೆಯಿಂದಲೇ ಇಲ್ಲಿ ಹಾಕ್ತೇನೆ. ತಪ್ಪಿದ್ದರೆ ತಿದ್ದಿ, ಬೇಜಾರು ಮಾಡುವುದಿಲ್ಲ ಅಂದಿದ್ದಾಳೆ.

"ಮಧುವಾಹಿನಿ ನದಿಯ ದಡದಲ್ಲಿರುವ ಮಧೂರು ದೇವಸ್ಥಾನ ಅತ್ಯಂತ ಪ್ರಾಚೀನವಾದದ್ದು. ಗಜಪೃಷ್ಠ ಆಕಾರದ ಮೂರು ಅಂತಸ್ತಿನ ಗರ್ಭಗುಡಿ ನೋಡುಗರನ್ನು ಬೆರಗುಗೊಳಿಸುತ್ತದೆ. ಮರದ ಕೆತ್ತನೆಗಳು ಅದ್ಭುತವಾಗಿದ್ದು ರಾಮಾಯಣದ ಕತೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಟಿಪ್ಪು ಸುಲ್ತಾನನ ಕತ್ತಿಯ ಗುರುತನ್ನು ಇಂದಿಗೂ ಕಾಣಬಹುದು."

ಮುರಕಲ್ಲು

ಭಾಷೆ ಚೆನ್ನಾಗಿ ಉಂಟು, ಅದೇ ತೊಂದರೆ. ಸಾಲು ಸಾಲಾಗಿ ನೋಡುವ.

"ಅತ್ಯಂತ ಪ್ರಾಚೀನ": ಯಾವುದು? ಕಲ್ಲಿನ ಅಧಿಷ್ಠಾನವಾ (ಬುಡದ ಪೀಠ), ಗೋಡೆಯಾ, ಮರವಾ, ಮಾಡಾ? ನಮ್ಮ ಕಡೆಯ ದೇವಸ್ಥಾನದಲ್ಲಿ ಇವೆಲ್ಲ ಒಂದೇ ವಯಸ್ಸಿನವಲ್ಲ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಮರ, ಹಂಚು, ತಗಡು ಬದಲಾಗ್ತಲೇ ಇರ್ತದೆ. 2025ರಲ್ಲಿ ಬ್ರಹ್ಮಕಲಶ (ಜೀರ್ಣೋದ್ಧಾರದ ನಂತರದ ಪುನಃಪ್ರತಿಷ್ಠೆ) ಆಗಿದೆ. ಅದರ ಮೊದಲಿನ ಫೋಟೋ ಯಾರತ್ರವಾದ್ರೂ ಇದ್ರೆ ತಂದು, ಯಾವುದು ಹಳತು ಯಾವುದು ಹೊಸತು ಅಂತ ಗುರುತು ಹಾಕಿಕೊಳ್ಳಲಿ. ಹಳೇ ಮರದ ಮೇಲೆ ಎನಾಮಲ್ ಬಳಿದಿದ್ರೆ ಉಳಿಯ ಗೆರೆ ತುಂಬಿ ಕೆತ್ತನೆ ಮೊಂಡಾಗಿ ಕಾಣ್ತದೆ. ಹೊಸ ಮರದಲ್ಲಿ ಯಂತ್ರದ ಕೊರೆತ ಒಂದೇ ಆಳಕ್ಕೆ ಇರ್ತದೆ. ಇದು ಬರೀಬೇಕಾದ ಸಂಗತಿ.

"ಗಜಪೃಷ್ಠ" ಅಂತ ಹೆಸರು ಹೇಳಿ ಬಿಟ್ಟಿದ್ದಾಳೆ. ಕಂಡದ್ದನ್ನು ಬರೀಲಿ: ಗರ್ಭಗುಡಿಯ ಎದುರು ನೇರ, ಹಿಂಬದಿ ಅರ್ಧ ವೃತ್ತದ ಹಾಗೆ ಬಾಗಿದೆ, ಮಾಡು ಕೂಡ ಆ ಬಾಗನ್ನೇ ಅನುಸರಿಸಿ ಮೂರು ಹಂತದಲ್ಲಿ ಏರ್ತದೆ. ಮೇಲಿನ ಎರಡು ಮಾಡಿಗೆ ತಾಮ್ರ, ಕೆಳಗಿನದ್ದಕ್ಕೆ ಹಂಚು ಅಂತ ಹಳೇ ವಿವರಣೆಗಳಲ್ಲಿ ಸಿಗ್ತದೆ. ಈಗ ಅಲ್ಲಿ ಎಂತ ಉಂಟು ಅಂತ ಅವಳು ನೋಡಿ ಬಂದದ್ದೇ ಬರೀಬೇಕು. ಬಾಗಿದ ಹಿಂಬದಿಯಲ್ಲಿ ಜಂತಿಗಳನ್ನು ಹೇಗೆ ಜೋಡಿಸಿದ್ದಾರೆ? ನೇರ ಭಾಗದಲ್ಲಿ ಅವು ಒಂದಕ್ಕೊಂದು ಸಮಾನಾಂತರ ಹೋಗ್ತವೆ, ಬಾಗಿದಲ್ಲಿ ಹಾಗೆ ಹೋಗ್ಲಿಕ್ಕೆ ಆಗುವುದಿಲ್ಲ, ಒಂದು ಕಡೆ ಒತ್ತಾಗಿ ಸೇರ್ಬೇಕು. ಆಚಾರಿಗಳಿಗೆ ತಲೆಬಿಸಿಯ ಜಾಗ ಅದು. ಕತ್ತೆತ್ತಿ ಅದನ್ನು ನೋಡಿ ಒಂದು ಸಣ್ಣ ನಕ್ಷೆ ಬಿಡಿಸಿದ್ರೆ ಅವಳಿಗೆ ಚಿತ್ರ ಬರುವುದಿಲ್ಲ ಅನ್ನುವ ಮಾತೂ ತೀರ್ತದೆ, ಯಾಕಂದ್ರೆ ಈ ಓದಿಗೆ ಬೇಕಾದ ಚಿತ್ರ ಅಂಥದ್ದೇ.

"ಬೆರಗು", "ಅದ್ಭುತ", "ಕಣ್ಣಿಗೆ ಕಟ್ಟುವಂತೆ": ಮೂರನ್ನೂ ಹೊಡೆದುಹಾಕಿ. ಬದಲಿಗೆ ಒಂದೇ ಒಂದು ಫಲಕ ಆರಿಸಿ, ಅದರಲ್ಲಿ ಎಷ್ಟು ಆಕೃತಿ, ಯಾರು ಯಾವ ಕಡೆ ತಿರುಗಿದ್ದಾರೆ, ಕತೆ ಎಡದಿಂದ ಬಲಕ್ಕೆ ಹೋಗ್ತದಾ ಅಥವಾ ಪ್ರದಕ್ಷಿಣೆ ಬರುವವರ ನಡಿಗೆಯ ದಿಕ್ಕಿಗೆ ಹೋಗ್ತದಾ ಅಂತ ನೋಡಲಿ. ಈ ದಿಕ್ಕಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಅದು ಮುನ್ನೂರು ಪದಕ್ಕೆ ಸಾಕಾಗುವ ವಿಷಯ.

ಇನ್ನು ಅವಳು ಕೇಳದೇ ಬಿಟ್ಟ ಪ್ರಶ್ನೆ: ಘಟ್ಟದ ಮೇಲೆ ಕಲ್ಲಿನಲ್ಲಿ ಅಷ್ಟೊಂದು ಕೆತ್ತನೆ, ಇಲ್ಲಿ ಯಾಕೆ ಮರದಲ್ಲಿ? ಬೇಲೂರಿನದ್ದು ಬಳಪದ ಕಲ್ಲಿನ ಜಾತಿ, ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಆಮೇಲೆ ಗಟ್ಟಿ. ಕಿವಿಯೋಲೆಯ ಎಳೆಯನ್ನೂ ಬಿಡಿಸಬಹುದು. ನಮ್ಮದು ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ತೂತು ತೂತು, ಒರಟು. ಬೇಕಲ ಕೋಟೆಯ ಗೋಡೆ ನೋಡಿದ್ರೆ ಗೊತ್ತಾಗ್ತದೆ, ಕಟ್ಟಲಿಕ್ಕೆ ಗಟ್ಟಿ, ಮೂಗು-ಕಣ್ಣು ಬಿಡಿಸ್ಲಿಕ್ಕೆ ಆಗದ ಕಲ್ಲು. ಅದಕ್ಕೆ ಕೆತ್ತನೆ ಮರಕ್ಕೆ ಹೋಯಿತು, ಮರ ಉಳೀಲಿಕ್ಕೆ ಇಳಿಜಾರು ಮಾಡು ಬಂತು.

ಟಿಪ್ಪುವಿನ ಸಾಲನ್ನು ತೆಗೆಯಬೇಕಾಗಿಲ್ಲ. "ಹೀಗೆ ಹೇಳುತ್ತಾರೆ" ಅಂತ ಸೇರಿಸಿ, ಗುರುತು ಎಲ್ಲಿ, ಎಷ್ಟು ಉದ್ದ, ಎಷ್ಟು ಆಳ ಅಂತ ಬರೀಲಿ. ಐತಿಹ್ಯವನ್ನು ಐತಿಹ್ಯ ಅಂತಲೇ ಬರೆದ್ರೆ ಯಾರೂ ಆಕ್ಷೇಪ ಮಾಡುವುದಿಲ್ಲ.

ಒಳಾಂಗಣದಲ್ಲಿ ಫೋಟೋ ತೆಗೀಲಿಕ್ಕೆ ಮೊದಲೇ ಕಚೇರಿಯಲ್ಲಿ ಕೇಳಿ. ಪೆನ್ಸಿಲಿಗೆ ಸಾಧಾರಣ ಯಾರದ್ದೂ ತಕರಾರಿಲ್ಲ.

ಅಕ್ಕಲಕೋಟ ಕಡೆಯವ

ಕಡೀಗೆ ಕಾಗದಪತ್ರದ ಮಾತು. ಸಿಯುಇಟಿ ಫಲಿತಾಂಶ, ಬರೋಡಾ-ಬೆಂಗಳೂರಿನ ಪ್ರವೇಶ, ಕಣ್ಣೂರಿನ ಅಲಾಟ್‌ಮೆಂಟ್, ಮೂರೂ ಒಂದೇ ವೇಳ್ಯಾದಾಗ ಬರಂಗಿಲ್ಲ. ಮೊದಲು ಸಿಕ್ಕ ಊರ ಸೀಟು ಬಿಡಬ್ಯಾಡ್ರಿ, ಸೇರ್ಸಿರಿ. ಆದ್ರ ಸೇರ್ಸೋವಾಗ ಟಿಸಿ, ಮಾರ್ಕ್ಸ್‌ಕಾರ್ಡಿನ ಅಸಲು ಕೊಡೋ ಮುಂಚೆ ಸ್ಕ್ಯಾನ್ ಮಾಡಿ ನಾಕು ನಾಕು ಅಟೆಸ್ಟೆಡ್ ಪ್ರತಿ ತೆಗೆದಿಡ್ರಿ. ನಡುವ ಬಿಟ್ಟ್ರ ಫೀ ಎಷ್ಟು, ಯಾವ ತಾರೀಖಿನೊಳಗ ವಾಪಸ್ ಅಂತ ಲಿಖಿತದಾಗ ಕೇಳ್ರಿ. ಕೇರಳ ಬೋರ್ಡಿನಿಂದ ಕರ್ನಾಟಕದ, ಗುಜರಾತದ ವಿಶ್ವವಿದ್ಯಾಲಯಕ್ಕ ಹೋದ್ರ ವಲಸೆ ಪ್ರಮಾಣಪತ್ರ, ಅರ್ಹತಾ ಪ್ರಮಾಣಪತ್ರ ಕೇಳ್ತಾರ. ಫಲಿತಾಂಶ ಬಂದ ವಾರದಾಗೇ ಅರ್ಜಿ ಹಾಕಿಬಿಡ್ರಿ, ಆಗಸ್ಟಿನಾಗ ಎಲ್ಲರೂ ಸಾಲು ಹಚ್ಚಿರ್ತಾರ. ಹೆಸರು, ಇನಿಶಿಯಲ್ ಎಸ್‌ಎಸ್‌ಎಲ್‌ಸಿ ಪುಸ್ತಕದಾಗೂ ಆಧಾರದಾಗೂ ಒಂದೇ ನಮೂನಿ ಅದಾವೇನು ಅಂತ ಇವತ್ತೇ ನೋಡ್ರಿ. ಸಿಯುಇಟಿ ಅರ್ಜಿ ಅಲ್ಲೇ ಅಡ್ಡ ಬೀಳ್ತದ, ತಿದ್ದುಪಡಿಗೆ ಕೊಡೋ ದಿನಾನೂ ಭಾಳ ಕಮ್ಮಿ.

ಪೆರಡಾಲ

ಆಧಾರಿನಲ್ಲಿ ಇನಿಶಿಯಲ್ ಹಿಂದೆ ಉಂಟು, ಎಸ್‌ಎಸ್‌ಎಲ್‌ಸಿಯಲ್ಲಿ ಮುಂದೆ ಉಂಟು. ನಾಳೆಯೇ ಅಕ್ಷಯ ಕೇಂದ್ರಕ್ಕೆ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೋಗಿ ವಿಚಾರಿಸ್ತೇವೆ. ಇತಿಹಾಸ ಬಿ.ಎ.ಗೆ ಅರ್ಜಿ ಹಾಕುವುದು ಖಂಡಿತ, ಬನಾರಸ್ಸಿಗೂ ಸಿಯುಇಟಿ ಬರೀಲಿ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಬರೋಡಾದ ಮಾತಿಗೆ ಅಪ್ಪ ಇನ್ನೂ ತಲೆ ಆಡಿಸಿಲ್ಲ. ಮಧೂರಿನ ಜಂತಿಯ ನಕ್ಷೆ ಆದ ಮೇಲೆ ಇಲ್ಲೇ ಹಾಕ್ತೇನೆ.